ಬಿಳಿ ಪೆನ್‌ಡ್ರೈವಿನಲ್ಲಿ ಒಂದು ನುಡಿ ಕಡಿಮೆ

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಇಂಡಿ ಊರಿನಲ್ಲಿ ನನ್ನ ಅಂಗಡಿಗೆ ಸುಟ್ಟ ಮೋಟಾರು ತಂದವರನ್ನು ಯಾರನ್ನು ಬೇಕಾದರೂ ಕೇಳಿ, ಹೇಳುತ್ತಾರೆ. ನಾಚಿಕೆ ಮಾತ್ರ ತಡವಾಗಿ ಬರುತ್ತದೆ, ಬಂದರೆ ಎದ್ದು ಹೋಗುವುದಿಲ್ಲ. ನಮ್ಮ ಬ್ಯಾಂಡಿನ ಜೋಡಿ ಆಲ್ಬಮ್ಮನ್ನು ಯಾರಾದರೂ ಹೊಗಳಿದರೆ ನಾನು ಹೆಬ್ಬೆರಳಿನಿಂದ ನೆಲ ಕೆರೆಯುತ್ತ ಬೇರೆ ಕಡೆ ನೋಡುತ್ತೇನೆ. ಎಷ್ಟು ವಿನಯ ನೋಡಿ ಎಂದುಕೊಳ್ಳುತ್ತಾರೆ. ವಿನಯವೂ ಇಲ್ಲ, ಮಣ್ಣೂ ಇಲ್ಲ. ಏನಿದೆ ಎನ್ನುವುದನ್ನು ಇಲ್ಲಿ ಬರೆಯುತ್ತೇನೆ.

ನಾವು ನಾಲ್ವರು. ನಾನು ಪಂಪ್‌ಸೆಟ್ಟಿನ ಮೋಟಾರುಗಳಿಗೆ ತಂತಿ ಸುತ್ತುವವನು, ಬ್ಯಾಂಡಿನಲ್ಲಿ ಗಿಟಾರ್. ಡ್ರಮ್ಸಿನವನು ಸಿಂದಗಿಯವನು, ಅವನ ಮನೆಯಲ್ಲಿ ತಲೆಮಾರುಗಳಿಂದ ಡೊಳ್ಳು ಹೊಡೆಯುತ್ತ ಬಂದಿದ್ದಾರೆ. ಬೇಸ್ ಗಿಟಾರಿನವನು ಮುದ್ದೇಬಿಹಾಳದಲ್ಲಿ ಔಷಧಿ ಅಂಗಡಿ ಇಟ್ಟವನು, ಚೀಟಿ ಓದಿ ಗುಳಿಗೆ ಕೊಡುವಾಗ ಎಷ್ಟು ಮಾತಾಡುತ್ತಾನೋ ನಮ್ಮ ಜೊತೆಗೂ ಅಷ್ಟೇ. ಹಾಡುವವನು ಬಸವನ ಬಾಗೇವಾಡಿಯ ಸಾಲಿ ಮಾಸ್ತರ. ನಾಲ್ಕು ಊರಿನವರು ರವಿವಾರಕ್ಕೊಮ್ಮೆ ಬಸ್ಸು, ಟಂಟಂ, ಮತ್ತೆ ಬಸ್ಸು ಎಂದು ಹತ್ತಿ ಇಳಿದು ಒಂದು ಕಡೆ ಸೇರುತ್ತಿದ್ದೆವು. ಬ್ಯಾಂಡ್ ಎಂದ ಕೂಡಲೇ ನಮ್ಮ ಕಡೆಯ ಜನ, ‘ಲಗ್ನಕ್ಕ ಬರ್ತೀರೇನ್ರಿ? ಡ್ರೆಸ್ ಕೆಂಪೋ ನೀಲಿಯೋ?’ ಎಂದು ಕೇಳುತ್ತಿದ್ದರು. ರಾಕ್ ಎಂದು ವಿವರಿಸಿ ವಿವರಿಸಿ ಸಾಕಾಗಿ, ಕೊನೆಗೆ ನಾನು ‘ಕೆಂಪು’ ಎಂದು ಹೇಳಿ ಸುಮ್ಮನಾಗುತ್ತಿದ್ದೆ.

ನನ್ನ ಗಿಟಾರಿನ ಬಗ್ಗೆ ನನಗೆ ಬಹಳ ಗರ್ವವಿತ್ತು. ತಂತಿಯ ಕಂಪನವನ್ನು ಹಿಡಿದು ಸ್ಪೀಕರಿಗೆ ಕಳಿಸುವ ಸಣ್ಣ ಸುರುಳಿ ಅದರಲ್ಲಿ ಇರುತ್ತದಲ್ಲ, ಅದನ್ನು ನಾನೇ ಸುತ್ತಿದ್ದೆ. ಸುಟ್ಟ ಟೇಬಲ್ ಫ್ಯಾನಿನಿಂದ ಕೂದಲಿನಷ್ಟು ತೆಳ್ಳನೆಯ ತಾಮ್ರದ ತಂತಿ ಬಿಚ್ಚಿ, ಒಂದೊಂದೇ ಸುತ್ತು ಹಾಕಿ, ವಾರ್ನಿಷ್ ಹಚ್ಚಿ ಒಣಗಿಸಿ ಮಾಡಿದ್ದು. ಅದರ ದನಿಯಲ್ಲಿ ಸ್ವಲ್ಪ ಕೊರೆತ ಇತ್ತು, ಕಬ್ಬು ಅರೆಯುವಾಗ ಬರುತ್ತದಲ್ಲ, ಹಾಗೆ. ಇಂಥ ದನಿ ಪೇಟೆಯಲ್ಲಿ ಸಿಗುವುದಿಲ್ಲ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ.

ಊರೊಳಗೆ ನಮ್ಮ ಗದ್ದಲಕ್ಕೆ ಯಾರೂ ಜಾಗ ಕೊಡಲಿಲ್ಲ. ಕೊಟ್ಟವಳು ನನ್ನ ಸೋದರತ್ತೆ, ಅಪ್ಪನ ಅಕ್ಕ. ಹಲಸಂಗಿಯ ಅವಳ ಹೊಲದಲ್ಲಿ ದ್ರಾಕ್ಷಿ ಒಣಗಿಸಿ ಮಣೂಕ ಮಾಡುವ ಶೆಡ್ಡಿದೆ. ಮೇಲೆ ತಗಡು, ಸುತ್ತ ಹಸಿರು ಪರದೆ, ಒಳಗೆ ಒಂದರ ಮೇಲೊಂದು ತಂತಿಬಲೆಯ ಅಟ್ಟಗಳು. ಬೇಸಿಗೆಯ ಎರಡು ಮೂರು ತಿಂಗಳು ಅಲ್ಲಿ ಕೈಗೆ ಪುರುಸೊತ್ತಿಲ್ಲ, ಉಳಿದ ದಿನ ಖಾಲಿ. ಕೇಳಲು ಹೋದಾಗ ಅವಳು ಅಂಗಳದಲ್ಲಿ ಹುಣಸೆ ಬೀಜ ತೆಗೆಯುತ್ತಿದ್ದಳು. ಕತ್ತೆತ್ತದೆಯೇ, ‘ತಗೋರಿ. ಅಟ್ಟದ ಮ್ಯಾಲ ಕುಂಡಿ ಊರಬ್ಯಾಡ್ರಿ, ಜಾಳಿಗಿ ಹರೀತೈತಿ,’ ಎಂದಳು. ಆ ಮನೆಯಲ್ಲಿ ಮಗ, ಸೊಸೆ, ಮೊಮ್ಮಕ್ಕಳು ಎಲ್ಲರೂ ಇದ್ದಾರೆ, ಆದರೂ ಹೊಲದ ಮಾತು ಬಂದರೆ ಅವಳ ಮಾತೇ ಕೊನೆ.

ಹೊಲದ ಲೈನಿಗೆ ಕರೆಂಟು ಹಗಲಿನಲ್ಲಿ ಕೆಲವೇ ತಾಸು. ಅದು ಬಂದಾಗ ಸುತ್ತಲಿನ ಪಂಪುಗಳೆಲ್ಲ ಒಮ್ಮೆಲೇ ಗುಂಯ್ ಎನ್ನುತ್ತಿದ್ದವು, ಶೆಡ್ಡಿನಲ್ಲಿ ನಾವೂ ಗುಂಯ್ ಎನ್ನುತ್ತಿದ್ದೆವು. ಹೋದಾಗ ಮೊದಮೊದಲು ಇಸ್ಪೀಟು ಆಡುತ್ತ ಕಾಯುತ್ತಿದ್ದೆವು. ಒಂದು ದಿನ ಮಾಸ್ತರ ಸುಮ್ಮನೆ ಕೂರಲಾರದೆ ಹಾಡತೊಡಗಿದ, ನಾನು ಮರದ ಗಿಟಾರ್ ಎತ್ತಿಕೊಂಡೆ, ಸಿಂದಗಿಯವನು ಮಣೂಕ ತುಂಬುವ ಪ್ಲಾಸ್ಟಿಕ್ ಕ್ರೇಟನ್ನು ಬೋರಲು ಹಾಕಿಕೊಂಡು ಬಾರಿಸಿದ, ಬೇಸಿನವನು ಬ್ಯಾಟರಿಯ ಸಣ್ಣ ಸ್ಪೀಕರಿಗೆ ತಂತಿ ಚುಚ್ಚಿದ. ಹೀಗೆ ನಮ್ಮ ಹಾಡುಗಳಲ್ಲಿ ಎರಡು ಕುಲ ಹುಟ್ಟಿದವು. ಕರೆಂಟು ಇದ್ದಾಗ ಕಟ್ಟಿದ್ದು ಗದ್ದಲದ ಹಾಡು, ಇಲ್ಲದಾಗ ಕಟ್ಟಿದ್ದು ಮೆತ್ತನೆಯ ಹಾಡು. ಒಂದು ಮಳೆಗಾಲ ಮುಗಿಯುವುದರೊಳಗೆ ಗದ್ದಲದ್ದು ಒಂಬತ್ತು, ಮೆತ್ತನೆಯದು ಎಂಟು ಆದವು. ಎರಡನ್ನೂ ಬೇರೆ ಬೇರೆ ಇಟ್ಟು ಜೋಡಿ ಆಲ್ಬಮ್ ಮಾಡೋಣ ಎಂದವನು ಮುದ್ದೇಬಿಹಾಳದವನು. ಆ ವರ್ಷ ಅವನು ಆಡಿದ ಅತ್ಯಂತ ಉದ್ದದ ಮಾತು ಅದೇ.

ಗದ್ದಲದ ಹಾಡುಗಳನ್ನು ಅತ್ತೆ ಹೊಲದ ಆ ತುದಿಯಿಂದಲೇ ಕೇಳುತ್ತಿದ್ದಳು. ‘ಏನ್ಲೇ, ಹಿಟ್ಟಿನ ಗಿರಣಿ ಹಚ್ಚೀರೇನು?’ ಎಂದು ಕೂಗುತ್ತಿದ್ದಳು. ಆದರೆ ಒಂದು ಮಧ್ಯಾಹ್ನ ಕರೆಂಟು ಹೋಗಿ ನಾವು ಮೆತ್ತಗೆ ಬಾರಿಸುತ್ತಿದ್ದಾಗ ರೊಟ್ಟಿಬುಟ್ಟಿ ತಂದವಳು ಪರದೆ ಸರಿಸಿ ಒಳಗೆ ಬಂದು, ಚಪ್ಪಲಿ ಹೊರಗೆ ಬಿಟ್ಟು, ಕಂಬಕ್ಕೊರಗಿ ಕುಳಿತಳು. ಹಾಡು ಮುಗಿದ ಮೇಲೆ, ‘ಕರೆಂಟ್ ಹೋದ ಮ್ಯಾಲ ಬರೋಬರಿ ಬಾರಸ್ತೀರಿ ನೋಡ್ರಿ,’ ಎಂದಳು. ಆಮೇಲೆ ಸೆರಗಿನ ಅಂಚು ತಿರುವುತ್ತ, ‘ನಂದೂ ಒಂದು ಪದ ಐತಿ. ಬಾರಸ್ತೀರೇನು?’ ಎಂದು ಕೇಳಿದಳು. ಅತ್ತೆ ಯಾರನ್ನೂ ಹೀಗೆ ಮೆತ್ತಗೆ ಕೇಳಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಅವಳು ಊರಿನ ಭಜನೆಯಲ್ಲಿ ಮುಂದೆ ಕೂತು ಹಾಡುವವಳು. ಹಾಡುವುದಷ್ಟೇ ಅಲ್ಲ, ಪದ ಕಟ್ಟುತ್ತಾಳೆ. ಪದ ಕಟ್ಟಿದವರು ಕೊನೆಯ ನುಡಿಯಲ್ಲಿ ತಮ್ಮ ಅಂಕಿತ ಇಡುತ್ತಾರೆ, ಅದೇ ಸಹಿ. ಆದರೆ ಅಂಕಿತ ತಾನಾಗಿ ಇಟ್ಟುಕೊಳ್ಳುವಂಥದ್ದಲ್ಲ, ಗುರು ಕೊಡಬೇಕು. ಅತ್ತೆಯ ಗುರು ಹನ್ನೆರಡು ವರ್ಷ ಕೊಡಲಿಲ್ಲ. ಆ ಹನ್ನೆರಡು ವರ್ಷ ಅವಳು ಕಟ್ಟಿದ್ದೆಲ್ಲ ಸಹಿಯಿಲ್ಲದೆ ಅವರಿವರ ಬಾಯಿ ಸೇರಿ ಯಾರದೋ ಆಯಿತು. ಒಮ್ಮೆ ಬೇರೆ ಊರಿನ ಭಜನೆಯಲ್ಲಿ ತನ್ನದೇ ಪದವನ್ನು ತನಗೇ ಕಲಿಸಲು ಬಂದ ಹೆಂಗಸಿನ ಕಥೆಯನ್ನು ಅವಳು ನಗುತ್ತಲೇ ಹೇಳುತ್ತಿದ್ದಳು. ಕೊನೆಗೂ ಗುರು ಅಂಕಿತ ಕೊಟ್ಟರು. ಅದನ್ನು ಇಟ್ಟು ಕಟ್ಟಿದ ಮೊದಲ ಪದವೇ ಅವಳು ಅಂದು ಹಾಡಿದ್ದು.

ಇನ್ನೊಂದು ರೂಢಿ ಹೇಳಬೇಕು. ಪದ ಅಂಕಿತಕ್ಕೆ ಬಂದಾಗ ನಮ್ಮ ಕಡೆ ಕೂತವರೆಲ್ಲ ಕೈ ಮುಗಿಯುತ್ತಾರೆ. ತಾಳದವನು ತಾಳ ಬಿಟ್ಟು ಮುಗಿಯುತ್ತಾನೆ, ಚಹಾ ಹಿಡಿದವನು ಕಪ್ಪು ಕೆಳಗಿಟ್ಟು ಮುಗಿಯುತ್ತಾನೆ. ಅಂಕಿತ ಬರುವ ಮೊದಲು ಪದ ನಿಲ್ಲಿಸುವುದಂತೂ ಇಲ್ಲವೇ ಇಲ್ಲ. ಭಜನೆಯ ಮಧ್ಯೆ ಹಾವು ಬಂದಾಗಲೂ ಅಂಕಿತ ಮುಗಿಸಿಯೇ ಎದ್ದು ಓಡಿದರು ಎಂದು ಅಪ್ಪ ಹೇಳುತ್ತಿದ್ದರು, ಅದರಲ್ಲಿ ಎಷ್ಟು ನಿಜವೋ.

ಅವಳ ಪದದಲ್ಲಿ ನಾಲ್ಕು ನುಡಿ.

‘ನೀರ ಹಾಯಿಸಬಂದೆ ನಿಂಬಿಯ ಬನಕ
ಮುಳ್ಳು ಹಿಡಿಯಿತು ತಂಗಿ ನನ್ನ ಸೆರಗ’

ಎಂದು ಮೊದಲಾಗುತ್ತದೆ. ಎರಡನೆಯ ನುಡಿಯಲ್ಲಿ ಸೆರಗು ಬಿಡಿಸಿಕೊಳ್ಳುತ್ತ ನಿಂತವಳಿಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಮೂರನೆಯದರಲ್ಲಿ ತಿರುಗಿ ನೋಡಿದರೆ ಬನವೆಲ್ಲ ನೀರು ಕುಡಿದು ನಿಂತಿದೆ. ನಾನಂತೂ ಬಿಟ್ಟಿಲ್ಲ, ಹಾಗಾದರೆ ನೀರು ಬಿಟ್ಟವರು ಯಾರು ಎಂದು ಕೇಳುತ್ತಾಳೆ. ನಾಲ್ಕನೆಯ ನುಡಿ ಅದಕ್ಕೆ ಉತ್ತರ, ಉತ್ತರದ ಕೊನೆಗೆ ಅಂಕಿತ. ಅಂಕಿತ ಏನೆಂದು ಇಲ್ಲಿ ಬರೆಯುವುದಿಲ್ಲ. ಅವಳನ್ನು ಕೇಳದೆ ಆ ಪದಕ್ಕೆ ಮಾಡಬಾರದ್ದನ್ನು ಒಮ್ಮೆ ಮಾಡಿದ್ದೇನೆ, ಸಾಕು.

ಮುಂದಿನ ರವಿವಾರ ರೆಕಾರ್ಡ್ ಮಾಡಿದೆವು. ಲ್ಯಾಪ್‌ಟಾಪು ಬ್ಯಾಟರಿಯ ಮೇಲೆ, ಮೈಕು ಅಟ್ಟದ ತಂತಿಗೆ ಕಟ್ಟಿದ್ದು. ಅವಳು ತಲೆಗೆ ಸ್ನಾನ ಮಾಡಿ, ಹಸಿರು ಇಳಕಲ್ ಸೀರೆ ಉಟ್ಟು ಬಂದಿದ್ದಳು. ‘ಎಲ್ಲಾ ನುಡಿ ಹಾಡ್ಲೇನು?’ ಎಂದು ಕೇಳಿದಳು. ‘ಎಲ್ಲಾ ಹಾಡು ಅತ್ತಿ,’ ಎಂದೆ. ಒಂದೇ ಸಲಕ್ಕೆ ಹಾಡಿದಳು. ಆ ವಯಸ್ಸಿನ ಹೆಂಗಸಿನ ದನಿ ಎಲ್ಲೂ ಒಡೆಯಲಿಲ್ಲ, ಎಲ್ಲೂ ಜಾರಲಿಲ್ಲ. ಅಂಕಿತಕ್ಕೆ ಬಂದಾಗ ಸಿಂದಗಿಯವನ ಕೈಗಳು ತಾವಾಗಿ ಕ್ರೇಟು ಬಿಟ್ಟು ಜೋಡಿಸಿಕೊಂಡವು. ಮುದ್ದೇಬಿಹಾಳದವನ ಬೇಸ್ ನಿಂತಿತು. ಮಾಸ್ತರ ಮೂಲೆಯಲ್ಲಿ ಕಣ್ಣು ಮುಚ್ಚಿ ಕೈ ಮುಗಿದು ಕೂತಿದ್ದ. ನಾನೊಬ್ಬ ಬಾರಿಸುತ್ತಲೇ ಇದ್ದೆ. ಯಾಕೆಂದರೆ ಕೊನೆಗೆ ಒಂದು ಸ್ವರಗುಚ್ಛ ಯೋಚಿಸಿಕೊಂಡು ಬಂದಿದ್ದೆ, ಅದನ್ನು ಹಾಕದೆ ಬಿಡುವ ಮನಸ್ಸಿರಲಿಲ್ಲ.

ಹಾಡುಗಳನ್ನು ಕೂಡಿಸಿ ತಿದ್ದುವ ಕೆಲಸ ನನ್ನದು. ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಮಾಡುತ್ತಿದ್ದೆ. ಅತ್ತೆಯ ಪದ ಕೇಳಿದಾಗಲೆಲ್ಲ ಮೊದಲ ಮೂರು ನುಡಿಗೆ ಮೈ ನವಿರೇಳುತ್ತಿತ್ತು, ನಾಲ್ಕನೆಯದಕ್ಕೆ ಬಂದ ಕೂಡಲೇ ಕಿರಿಕಿರಿ ಆಗುತ್ತಿತ್ತು. ಅಂಕಿತದಲ್ಲಿ ತಾಳ ನಿಂತುಬಿಡುತ್ತದೆ, ಬೇಸ್ ಇಲ್ಲ, ಬರೀ ಅವಳ ದನಿ ಮತ್ತು ನನ್ನ ಗಿಟಾರು. ಹಾಡು ಕುಸಿಯುತ್ತಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಇದು ಅರ್ಧ ಸುಳ್ಳು. ತಾಳವನ್ನು ಹಿಂದಿನ ನುಡಿಯಿಂದ ತಂದು ಅಂಟಿಸಬಹುದಿತ್ತು, ಅದು ಐದು ನಿಮಿಷದ ಕೆಲಸ. ನಿಜ ಏನೆಂದರೆ ನನಗೆ ಅಂಕಿತದ ಬಗ್ಗೆ ಸಂಕೋಚವಾಗಿತ್ತು. ಎಲ್ಲೋ ದೂರದಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳುವ, ನಾನು ಮುಖವನ್ನೇ ನೋಡಿರದ ಜನ, ಅಯ್ಯೋ ಇವರು ಹಳ್ಳಿ ಭಜನೆಯವರು ಎಂದುಬಿಟ್ಟರೆ? ರಾಕ್ ಬ್ಯಾಂಡ್ ಎಂದು ಇಷ್ಟು ದಿನ ಊರ ತುಂಬ ಹೇಳಿಕೊಂಡು ತಿರುಗಿದ್ದು ಏನಾಗಬೇಕು? ಮೂರನೆಯ ನುಡಿಯ ಪ್ರಶ್ನೆ ಮುಗಿದಲ್ಲೇ ಕತ್ತರಿ ಹಾಕಿದೆ. ನನ್ನ ಕೊನೆಯ ಸ್ವರಗುಚ್ಛವನ್ನು ಮಾತ್ರ ಎತ್ತಿ ಅಲ್ಲಿಗೆ ತಂದು ಅಂಟಿಸಿದೆ.

ಮಾಸ್ತರನಿಗೆ ಕೇಳಿಸಿದಾಗ ಅವನು ಮೊದಲು ಫೈಲು ಪೂರ್ತಿ ಬಂದಿಲ್ಲ ಎಂದುಕೊಂಡ. ಕತ್ತರಿಸಿದ್ದೇನೆ ಎಂದೆ.

‘ಅಂಕಿತ ತಗದೀಯೇನು?’ ಎಂದ.

‘ಪ್ರಶ್ನೆದಾಗ ನಿಂತ್ರ ಛಲೋ ಅನಸ್ತೈತಿ.’

‘ನಿನಗ ಅನಸ್ತೈತಿ. ಅವರನ್ನ ಕೇಳೀಯೇನು?’

‘ಎಲ್ಲಾರನ್ನೂ ಕೇಳಿಕೋತ ಕುಂತ್ರ ಆಲ್ಬಮ್ ಮುಗೀತೈತೇನು? ನೀ ಸಾಲ್ಯಾಗ ಹುಡುಗೂರಿಗೆ ಕಲಸು, ನನಗ ಬ್ಯಾಡ!’

ಹೇಳಿದೆನಲ್ಲ, ಸಿಟ್ಟು ನನಗೆ ಮೂಗಿನ ತುದಿಯಲ್ಲಿ. ತಪ್ಪು ನನ್ನದಿದ್ದಾಗ ಅದು ಇನ್ನೂ ಮುಂದೆ ಬರುತ್ತದೆ. ಮಾಸ್ತರ ಚೀಲ ಹೆಗಲಿಗೇರಿಸಿ ಬಸ್ಸಿಗೆ ಹೊರಟ. ಇಂಟರ್‌ನೆಟ್ಟಿಗೆ ಹಾಕುವಾಗ ಪ್ರತಿ ಹಾಡಿಗೂ ‘ರಚನೆ’ ಎಂದು ಒಂದು ಖಾನೆ ಬರುತ್ತಿತ್ತು. ಹದಿನೇಳು ಹಾಡಿಗೆ ನಮ್ಮ ಹೆಸರು ತುಂಬಿದೆ, ತುಂಬುವಾಗ ಅಕ್ಷರ ಅಕ್ಷರ ನೋಡಿ ಸರಿಮಾಡಿದೆ. ಅತ್ತೆಯ ಪದಕ್ಕೆ ಬಂದಾಗ ‘ಜಾನಪದ’ ಎಂದು ಬರೆದೆ. ಅವಳ ಹೆಸರು ನನಗೆ ಗೊತ್ತಿರಲಿಲ್ಲ ಎನ್ನಲೇ? ಹುಟ್ಟಿದಾಗಿನಿಂದ ಗೊತ್ತು.

ನಮ್ಮ ಕಡೆ ಹಾಡು ಹರಡುವುದು ಟ್ರ್ಯಾಕ್ಟರಿನಲ್ಲಿ. ಪ್ರತಿ ಟ್ರ್ಯಾಕ್ಟರಿಗೂ ಎರಡು ದೊಡ್ಡ ಸ್ಪೀಕರು, ಸ್ಟೇರಿಂಗಿನ ಪಕ್ಕ ಪೆನ್‌ಡ್ರೈವ್ ಚುಚ್ಚುವ ಡಬ್ಬಿ. ಅದಕ್ಕಾಗಿ ನಾವು ಜೋಡಿ ಆಲ್ಬಮ್ಮನ್ನು ಎರಡು ಪೆನ್‌ಡ್ರೈವ್ ಮಾಡಿ ಒಂದೇ ದಾರದಲ್ಲಿ ಕಟ್ಟಿದೆವು. ಕೆಂಪು ಗದ್ದಲದ್ದು, ಬಿಳಿ ಮೆತ್ತನೆಯದು. ಮೊದಲ ಜೋಡಿಯನ್ನು ಅತ್ತೆಗೇ ಕೊಡಬೇಕೆಂದು ನಾಲ್ವರೂ ಹಲಸಂಗಿಗೆ ಹೋದೆವು. ಅವಳಿಗೆ ತಿಳಿಯುತ್ತದೆ ಎಂದು ನನಗೆ ಅನಿಸಲಿಲ್ಲವೇ ಎಂದು ಈಗ ಯೋಚಿಸುತ್ತೇನೆ. ಅನಿಸಲಿಲ್ಲ. ಟ್ರ್ಯಾಕ್ಟರಿನಲ್ಲಿ ತನ್ನ ದನಿ ಬಂದರೆ ಸಾಕು, ಹಿಗ್ಗಿಹೋಗುತ್ತಾಳೆ ಎಂದುಕೊಂಡಿದ್ದೆ. ಸ್ವಂತ ಅತ್ತೆಯ ಬಗ್ಗೆ ಇಷ್ಟು ಹಗುರವಾಗಿ ಯೋಚಿಸಿದ್ದೆ ಎನ್ನುವುದೇ ಒಂದು ಪ್ರತ್ಯೇಕ ನಾಚಿಕೆ.

ಅವಳ ಮಗ ಟ್ರ್ಯಾಕ್ಟರನ್ನು ಅಂಗಳಕ್ಕೆ ತಂದು ನಿಲ್ಲಿಸಿದ. ಅಕ್ಕಪಕ್ಕದವರೂ ಭಜನೆಯ ಹೆಂಗಸರೂ ಸೇರಿದರು. ಕೆಂಪು ಹಚ್ಚಿದಾಗ ಎಮ್ಮೆ ಹಗ್ಗ ಜಗ್ಗಾಡಿತು, ಮಕ್ಕಳು ಕುಣಿದರು, ಒಬ್ಬ ಮುದುಕ ‘ಸಾಕ್ ಮಾಡ್ರೋ’ ಎಂದು ಎದ್ದುಹೋದ. ಬಿಳಿ ಹಚ್ಚಿದಾಗ ಎಲ್ಲರೂ ಕುಳಿತರು. ಐದನೆಯದು ಅತ್ತೆಯ ಪದ. ತನ್ನ ದನಿ ಬಂದ ಕೂಡಲೇ ಅವಳು ಮುಖ ಬೇರೆ ಕಡೆ ತಿರುಗಿಸಿದಳು, ಹೊಸ ಮದುಮಗಳಂತೆ. ಹೆಂಗಸರು ಅವಳ ಭುಜ ತಟ್ಟಿದರು. ಒಂದು, ಎರಡು, ಮೂರನೆಯ ನುಡಿ. ಪ್ರಶ್ನೆ ಬಂತು. ಅತ್ತೆ ಮಡಿಲಿನಿಂದ ಕೈ ಎತ್ತಿ ಎದೆಯ ಹತ್ತಿರ ತಂದಳು, ಮುಂದಿನ ನುಡಿಗೆ ಮುಗಿಯಲು. ಅವಳನ್ನು ನೋಡಿ ಉಳಿದ ಹೆಂಗಸರೂ ಕೈ ಎತ್ತಿದರು.

ನನ್ನ ಗಿಟಾರು ಝಲ್ಲೆಂದಿತು. ಮುಂದಿನ ಹಾಡು ಶುರುವಾಯಿತು.

ಎತ್ತಿದ ಕೈಗಳು ಹಾಗೆಯೇ ಇದ್ದವು. ಒಬ್ಬೊಬ್ಬರಾಗಿ ಇಳಿಸಿದರು. ಅತ್ತೆಯದು ಎಲ್ಲರಿಗಿಂತ ತಡವಾಗಿ ಇಳಿಯಿತು. ನೆಲ ಬಾಯಿ ಬಿಡಬಾರದೇ ಎನ್ನುತ್ತಾರಲ್ಲ, ಆ ಮಾತಿನ ಅರ್ಥ ನನಗೆ ಅಂದು ಆ ಅಂಗಳದಲ್ಲಿ ತಿಳಿಯಿತು. ಸಿಂದಗಿಯವನು ನನ್ನನ್ನು ನೋಡಿದ. ನಾನು ಟ್ರ್ಯಾಕ್ಟರಿನ ಗಾಲಿಗೆ ಮೆತ್ತಿದ ಕೆಸರನ್ನು ನೋಡುತ್ತ ನಿಂತೆ.

ಎಲ್ಲರೂ ಹೋದ ಮೇಲೆ ಅವಳು ನನ್ನನ್ನು ಹಿತ್ತಲಿಗೆ ಕರೆದಳು. ಬೈಯುತ್ತಾಳೆ ಎಂದು ಮೈ ಬಿಗಿಹಿಡಿದುಕೊಂಡು ಹೋದೆ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು, ನನಗೂ ಸಿಟ್ಟು ಬರುತ್ತಿತ್ತು, ಇಬ್ಬರೂ ಕೂಗಾಡಿ ನಿಜ ಹೊರಗೆ ಬೀಳುತ್ತಿತ್ತು. ಅವಳು ದನಿ ತಗ್ಗಿಸಿ ಕೇಳಿದಳು.

‘ತಮ್ಮಾ, ಖರೇ ಹೇಳು. ಅಂಕಿತದಾಗ ನನ್ನ ದನಿ ಒಡದಿತ್ತೇನು?’

ನಾನು ಹೆಬ್ಬೆರಳಿನಿಂದ ನೆಲ ಕೆರೆದೆ.

‘ಅದಕ್ಕ ತಗದೀರಿ ಹೌದಿಲ್ಲೋ? ಹಾಡೂಮುಂದ ನನಗ ಗೊತ್ತಾಗಲಿಲ್ಲ ನೋಡು. ಮಷೀನಿಗೆ ಗೊತ್ತಾಗ್ತೈತಿ ಅಂತಾರ.’

ಅವಳು ನನಗೆ ತಪ್ಪಿಸಿಕೊಳ್ಳುವ ಬಾಗಿಲನ್ನು ತಾನೇ ತೆರೆದು ಹಿಡಿದಿದ್ದಳು. ನಾನು ಆ ಬಾಗಿಲಿನಿಂದಲೇ ಹೋದೆ.

‘ಹೂಂ ಅತ್ತಿ,’ ಎಂದೆ. ‘ಸ್ವಲ್ಪ ಒಡದಿತ್ತು.’

‘ಮತ್ತೊಮ್ಮೆ ಹಾಡಸಬೇಕಾಗಿತ್ತಿಲ್ಲೋ?’

‘ಟೈಮ್ ಇರ್ಲಿಲ್ಲ.’

ಅವಳು ತಲೆಯಾಡಿಸಿದಳು. ಆಮೇಲೆ ನಾಲ್ವರಿಗೂ ಬದನೆಕಾಯಿ ಎಣ್ಣೆಗಾಯಿ, ಸಜ್ಜಿ ರೊಟ್ಟಿ ಬಡಿಸಿದಳು. ನಾನು ಮೂರು ರೊಟ್ಟಿ ತಿಂದೆ. ತಿಂದೆ ಎನ್ನುವುದನ್ನು ನನ್ನಿಂದ ಈಗಲೂ ಮರೆಯಲು ಆಗುತ್ತಿಲ್ಲ.

ಬಿಳಿ ಪೆನ್‌ಡ್ರೈವು ಕೆಂಪಿಗಿಂತ ಮುಂದೆ ಓಡಿತು, ಅದರಲ್ಲೂ ಐದನೆಯ ಹಾಡು. ಗೊಳಸಂಗಿಯಲ್ಲಿ ಬಸ್ಸಿನ ಕಿಟಕಿಯಿಂದ ಕೇಳಿದೆ, ನಿಂಬೆ ಚೀಲ ಹೇರಿದ ಟೆಂಪೋಗಳಲ್ಲಿ ಕೇಳಿದೆ. ದೂರದ ಊರಿನ ಯಾರೋ ಫೋನಿನಲ್ಲಿ ಉದ್ದುದ್ದ ಬರೆದಿದ್ದರು. ಹಾಡನ್ನು ಪ್ರಶ್ನೆಯಲ್ಲೇ ನಿಲ್ಲಿಸಿದ್ದೀರಿ, ಉತ್ತರ ಕೊಡದೆ ಬಿಡುವುದಕ್ಕೆ ಧೈರ್ಯ ಬೇಕು, ಜಾನಪದವನ್ನು ನೀವು ಹೊಸದಾಗಿ ಕಂಡಿದ್ದೀರಿ ಎಂದು. ನಾನು ಕೈ ಜೋಡಿಸಿದ ಚಿತ್ರ ಕಳಿಸಿ ಧನ್ಯವಾದ ಎಂದು ಬರೆದೆ. ಅಂಕಿತಕ್ಕೆ ಮುಗಿಯದ ಕೈ ಅಲ್ಲಿ ಎಷ್ಟು ಸುಲಭವಾಗಿ ಮುಗಿಯಿತು ನೋಡಿ.

ಮಾಸ್ತರ ಒಂದು ರವಿವಾರ ಬಂದವನು ಇನ್ನೂ ಕೆಟ್ಟ ಸುದ್ದಿ ತಂದ. ಬಾಗೇವಾಡಿಯ ಕಡೆ ಒಂದು ಭಜನೆಯಲ್ಲಿ ಎಳೆಯ ಹೆಂಗಸರು ಅತ್ತೆಯ ಪದ ಹಾಡಿದರಂತೆ, ಮೂರೇ ನುಡಿ. ಯಾರ ಪದ ಎಂದು ಕೇಳಿದರೆ ‘ಯಾರ್ದೂ ಅಲ್ರಿ, ಜಾನಪದ್ರಿ’ ಎಂದರಂತೆ. ಅಷ್ಟೇ ಅಲ್ಲ, ಹಲಸಂಗಿಯ ಭಜನೆಯಲ್ಲೂ ಕೆಲವರು ಮೂರಕ್ಕೇ ನಿಲ್ಲಿಸತೊಡಗಿದ್ದರು, ರೆಕಾರ್ಡಿನಲ್ಲಿ ಇರುವುದೇ ಸರಿ ಎಂದು. ಅತ್ತೆ ಮುಂದೆ ಕೂತಿದ್ದರೂ ಅವರನ್ನು ತಿದ್ದುತ್ತಿರಲಿಲ್ಲವಂತೆ. ಯಾಕೆಂದು ನನಗೆ ಗೊತ್ತಿತ್ತು. ತನ್ನ ದನಿ ಅಲ್ಲಿ ಒಡೆಯುತ್ತದೆ ಎಂದು ನಂಬಿದವಳು ಯಾವ ಬಾಯಿಂದ ತಿದ್ದಬೇಕು? ಹನ್ನೆರಡು ವರ್ಷ ಕಾದು ಪಡೆದದ್ದನ್ನು ನಾನು ಒಂದು ಬೆರಳಿನಿಂದ ಒತ್ತಿ ಅಳಿಸಿದ್ದೆ. ಅವಳು ಮತ್ತೆ ಸಹಿಯಿಲ್ಲದವಳಾಗಿದ್ದಳು.

‘ನೀ ಹೋಗಿ ಹೇಳ್ತೀಯೋ, ನಾ ಹೇಳ್ಲೋ?’ ಎಂದ ಮಾಸ್ತರ.

‘ನಾನ ಹೇಳ್ತೇನಿ,’ ಎಂದೆ. ಹೇಳಲಿಲ್ಲ. ದ್ರಾಕ್ಷಿ ಕೊಯ್ಲು ಬಂತು, ಶೆಡ್ಡು ಅವರಿಗೆ ಬೇಕಾಯಿತು, ನಾವು ನಮ್ಮ ಸಾಮಾನು ತೆಗೆದೆವು. ಹಲಸಂಗಿಗೆ ಹೋಗದೆ ಇರಲು ನನಗೆ ಒಳ್ಳೆಯ ನೆಪ ಸಿಕ್ಕಿತು.

ಬೇಸಿಗೆ ಇಳಿಯುವ ಹೊತ್ತಿಗೆ ಅವಳ ಮಗ ಸುಟ್ಟ ಮೋಟಾರು ತಂದ. ನಾನು ಸುರುಳಿ ಬಿಚ್ಚುತ್ತಿದ್ದಾಗ ಅವನು ಚಹಾ ಕುಡಿಯುತ್ತ ನಗುತ್ತ ಹೇಳಿದ.

‘ನಮ್ಮವ್ವಗ ಹುಚ್ಚ ಹಿಡದೈತೋ ಮಾರಾಯಾ. ದಿನಾ ಮುಂಜಾನೆ ಸೆಗಣಿ ಬಳಕೋತ ಅದೊಂದ ಸಾಲು ಹಾಡ್ತಾಳ. ಅಂಕಿತದ ಸಾಲು. ಹತ್ತ ಸಲ, ಇಪ್ಪತ್ತ ಸಲ. ಮನ್ಯಾಗಿನ ಹುಡುಗೂರು ಸುದ್ದಾ ಅಣಕಸ್ತಾವ.’

ನನ್ನ ಕೈಯಲ್ಲಿದ್ದ ಇಕ್ಕಳ ಜಾರಿ ಕಾಲ ಮೇಲೆ ಬಿತ್ತು. ನನ್ನನ್ನೇ ಬೈದುಕೊಂಡೆ, ನೋವಿಗೆ ಬೈದೆ ಎಂದುಕೊಂಡ ಅವನು. ಮೋಟಾರನ್ನು ಬಹಳ ಶ್ರದ್ಧೆಯಿಂದ ಸುತ್ತಿಕೊಟ್ಟೆ. ಅದರಿಂದ ಏನೋ ಸ್ವಲ್ಪ ತೀರಿತು ಎಂದುಕೊಳ್ಳುವಷ್ಟು ನಾಚಿಕೆಗೇಡಿ ನಾನು.

ಅದಾಗಿ ತಿಂಗಳೂ ಕಳೆದಿರಲಿಲ್ಲ. ಒಂದು ಬೆಳಿಗ್ಗೆ ಅಂಗಡಿಯ ಎದುರು ಟೆಂಪೋ ನಿಂತು ಅತ್ತೆ ಇಳಿದಳು. ಅದೇ ಹಸಿರು ಇಳಕಲ್ ಸೀರೆ, ತಲೆ ಇನ್ನೂ ಹಸಿ. ಕೈಚೀಲದಲ್ಲಿ ನನ್ನ ಹೆಂಡತಿಗೆಂದು ನಿಂಬೆಹಣ್ಣು. ಚಪ್ಪಲಿ ಹೊರಗೆ ಬಿಟ್ಟು, ಸುಟ್ಟ ಮೋಟಾರುಗಳನ್ನು ದಾಟಿಕೊಂಡು ಹಿಂದಿನ ಕೋಣೆಗೆ ಬಂದು, ಸ್ಟೂಲಿನ ಮೇಲೆ ಕುಳಿತಳು.

‘ಈಗ ಸರಿ ಆಗೇತಿ,’ ಎಂದಳು. ‘ಹಚ್ಚು ನಿನ್ನ ಮಷೀನ್. ಅದೊಂದ ನುಡಿ ಹಾಡಿಕೊಡ್ತೇನಿ, ಜೋಡಿಸಿಬಿಡು.’

ನಾನು ಮೈಕು ಹಚ್ಚಿದೆ. ಬೇರೇನು ಮಾಡಲೂ ತಿಳಿಯಲಿಲ್ಲ. ಅವಳು ಕಣ್ಣು ಮುಚ್ಚಿ ನಾಲ್ಕನೆಯ ನುಡಿ ಹಾಡಿದಳು. ಹಾಡುವಾಗ ಕುತ್ತಿಗೆಯ ನರ ಬಿಗಿದಿದ್ದವು, ಪರೀಕ್ಷೆಗೆ ಕೂತವರ ಹಾಗೆ ಎರಡೂ ಕೈಯಲ್ಲಿ ಸ್ಟೂಲಿನ ಅಂಚು ಹಿಡಿದುಕೊಂಡಿದ್ದಳು. ಶೆಡ್ಡಿನಲ್ಲಿ ಹಾಡುವಾಗ ಈ ಹೆದರಿಕೆ ಅವಳಲ್ಲಿ ಇರಲಿಲ್ಲ. ಇದನ್ನು ಅವಳ ಗಂಟಲಿಗೆ ಹಾಕಿದವನು ನಾನು. ಮುಗಿಸಿ ಕಣ್ಣು ತೆರೆದು ನನ್ನ ಮುಖ ನೋಡಿದಳು.

‘ಒಡೀತೇನು?’

ಇನ್ನು ನನ್ನಿಂದ ಆಗಲಿಲ್ಲ. ಬಾಯಿಂದ ಹೇಳುವ ಧೈರ್ಯವೂ ಇರಲಿಲ್ಲ. ಹಳೆಯ ಫೈಲು ತೆಗೆದೆ, ಕತ್ತರಿ ಬೀಳದ್ದು, ಶೆಡ್ಡಿನಲ್ಲಿ ಹಾಡಿದ ಪೂರ್ತಿ ಪದ. ಹಚ್ಚಿ, ಸ್ಪೀಕರು ಅವಳ ಕಡೆ ತಿರುಗಿಸಿದೆ. ಮೂರು ನುಡಿ ಆದವು. ನಾಲ್ಕನೆಯದು ಬಂತು. ಅವಳು ಮುಂದಕ್ಕೆ ಬಾಗಿದಳು. ಅಂಕಿತ ಬಂತು, ಅವಳ ಕೈಗಳು ಕೂಡಿದವು, ಪದ ಮುಗಿಯಿತು. ಹೊರಗೆ ಯಾರೋ ಅಂಗಡಿಯವರನ್ನು ಕೂಗಿ, ಉತ್ತರ ಸಿಗದೆ ಹೋದರು.

‘ಇದು ಯಾವಾಗಿಂದು?’ ಎಂದಳು.

‘ಅವತ್ತಿಂದ.’

‘ಒಡದಿಲ್ಲಲ್ಲ.’

‘ಇಲ್ಲ ಅತ್ತಿ. ಒಡದಿರ್ಲಿಲ್ಲ. ನಾನ ಕತ್ತರಿಸಿದೆ.’

ಯಾಕೆ ಎಂದು ಅವಳು ಕೇಳಲಿಲ್ಲ. ಆದರೂ ನಾನು ಹೇಳತೊಡಗಿದೆ, ನಮ್ಮನ್ನು ಹಳ್ಳಿ ಭಜನೆಯವರು ಎಂದಾರು ಎಂಬ ಅಂಜಿಕೆ, ಜಾನಪದ ಎಂದು ಬರೆದದ್ದು, ಎಲ್ಲ. ಪೂರ್ತಿ ಪದವನ್ನು ಇಂದೇ ಹಾಕುತ್ತೇನೆ, ರಚನೆಯ ಖಾನೆಯಲ್ಲಿ ನಿನ್ನ ಹೆಸರು ಬರೆಯುತ್ತೇನೆ ಎಂದೆ. ಅಂದೇ ಹಾಕಿದೆ, ಬರೆದೆ ಕೂಡ. ಆದರೆ ಊರೂರು ತಿರುಗುತ್ತಿರುವ ಬಿಳಿ ಪೆನ್‌ಡ್ರೈವುಗಳಲ್ಲಿ ಇಂದಿಗೂ ಮೂರೇ ನುಡಿ ಇವೆ. ಅವನ್ನು ಹಿಂದಕ್ಕೆ ಕರೆಯುವ ಉಪಾಯ ನನಗೆ ಗೊತ್ತಿಲ್ಲ. ಅವಳು ನನ್ನ ಮಾತನ್ನು ಕೇಳುತ್ತಿದ್ದಳೋ ಇಲ್ಲವೋ. ಸ್ಪೀಕರನ್ನೇ ನೋಡುತ್ತಿದ್ದಳು.

‘ಮತ್ತೊಮ್ಮೆ ಹಚ್ಚು,’ ಎಂದಳು.

ಹಚ್ಚಿದೆ. ಅವಳ ಮುಖದಲ್ಲಿ ಸಿಟ್ಟನ್ನು ಹುಡುಕಿದೆ, ಇರಲಿಲ್ಲ. ಅಷ್ಟು ತಿಂಗಳು ಕಳೆದುಕೊಂಡಿದ್ದ ತನ್ನ ದನಿಯನ್ನು ಅವಳು ತಿರುಗಿ ಪಡೆಯುತ್ತಿದ್ದಳು, ಅದರ ಮಧ್ಯೆ ನನಗೆ ಜಾಗವಿರಲಿಲ್ಲ. ಅಂಕಿತದ ಹೊತ್ತಿಗೆ ಅವಳ ಹುಬ್ಬು ಗಂಟಿಕ್ಕಿತು.

‘ಇಲ್ಲಿ ತಾಳ ಯಾಕ ನಿಂತೈತಿ?’

‘ಕೈ ಮುಗದ್ರು. ಮೂರೂ ಮಂದಿ.’

‘ಗಿಟಾರ್ ಯಾಕ ನಿಂದ್ರಲಿಲ್ಲ?’

ನಾನು ನನ್ನ ಕೈಗಳನ್ನು ನೋಡಿಕೊಂಡೆ. ಬೆರಳ ಸಂದಿಯಲ್ಲೆಲ್ಲ ವಾರ್ನಿಷ್ ಅಂಟಿತ್ತು. ಅವಳು ಸ್ಟೂಲನ್ನು ಸ್ವಲ್ಪ ಸರಿಸಿ ನನ್ನ ಎದುರಿಗೆ ಕುಳಿತಳು.

‘ಮತ್ತೊಮ್ಮೆ ಹಚ್ಚು,’ ಎಂದಳು. ‘ಈ ಸಲ ಕೈ ಮುಗಿ.’

ಹಚ್ಚಿದೆ. ಒಂದು, ಎರಡು, ಮೂರು ನುಡಿ ಆದವು. ನಾಲ್ಕನೆಯದು ಬಂತು. ಅಂಕಿತಕ್ಕೆ ಕ್ರೇಟಿನ ತಾಳ ನಿಂತಿತು, ಬೇಸ್ ನಿಂತಿತು. ನಾನು ಎರಡೂ ಕೈ ಜೋಡಿಸಿ ತಲೆ ತಗ್ಗಿಸಿದೆ. ಸ್ಪೀಕರಿನಲ್ಲಿ ನನ್ನ ಗಿಟಾರು ಇನ್ನೂ ನುಡಿಯುತ್ತಲೇ ಇತ್ತು.